ಉಪ್ಪು ಬಿಟ್ಟ ಹಿಂಡು

ಗಂಡನ ಹೆಸರನ್ನು ಹೆಂಡತಿ ಒಡಪು ಕಟ್ಟಿ ಹೇಳಬೇಕಂತೆ. ನನಗೆ ಅಷ್ಟು ತಾಳ್ಮೆಯಿಲ್ಲ. ನನ್ನ ಗಂಡ ಮುದ್ದಪ್ಪ. ಹರಿಯಬ್ಬೆಯ ಹತ್ತಿರದ ನಮ್ಮ ಗೊಲ್ಲರ ಹಟ್ಟಿಯಲ್ಲಿ ಅವನಷ್ಟು ಒಳ್ಳೆಯವನು ಇನ್ನೊಬ್ಬನಿರಲಿಲ್ಲ. ಒಳ್ಳೆಯವನ ಜೊತೆ ಬಾಳುವುದು ಎಷ್ಟು ಕಷ್ಟ ಎಂಬುದು ನನಗೆ ಎಪ್ಪತ್ತನಾಲ್ಕನೇ ಇಸವಿಯಲ್ಲಿ ಗೊತ್ತಾಯಿತು.

ನಮ್ಮ ಮಗಳು ಕಾಳಿಗೆ ಎರಡು ವರ್ಷ ತುಂಬಿದರೂ ಕಾಲು ನಿಂತಿರಲಿಲ್ಲ. ಅವಳ ವಾರಿಗೆಯ ಮಕ್ಕಳು ಹಟ್ಟಿಯ ತುಂಬ ಓಡಾಡುತ್ತಿದ್ದರೆ ಇವಳು ಕಂಬಳಿಯ ಮೇಲೆ ಕುಳಿತು ನೋಡುತ್ತಿದ್ದಳು. ಒಂದು ದಿನ ಮುದ್ದಪ್ಪ ನನ್ನನ್ನು ಒಂದು ಮಾತೂ ಕೇಳದೆ ದೇವರ ಗುಡಿಗೆ ಹೋಗಿ ಹರಕೆ ಹೊತ್ತು ಬಂದ. ಮಗಳು ಎದ್ದು ನಡೆಯುವ ತನಕ ತಾನೂ ಉಪ್ಪು ಮುಟ್ಟುವುದಿಲ್ಲ, ತನ್ನ ಹಿಂಡಿಗೂ ಉಪ್ಪು ಹಾಕುವುದಿಲ್ಲ.

"ನೀನು ಬೇಕಾದ್ರೆ ಬಿಡು. ಕುರಿ ಏನ್ ಮಾಡಿದ್ವು?" ಎಂದೆ.

"ನಂದು ಅಂತ ಇರೋವು ಅವೇ ಅಲ್ವೇನೆ? ನಂದಲ್ಲದ್ದು ಬಿಟ್ರೆ ಅದು ಹರಕೆ ಹೆಂಗಾಗ್ತೈತೆ?"

ಅಮಾವಾಸ್ಯೆಗೊಮ್ಮೆ ಹಾಸುಬಂಡೆಯ ಮೇಲೆ ಕಲ್ಲುಪ್ಪು ಚೆಲ್ಲಿ ಕುರಿಗಳಿಗೆ ನೆಕ್ಕಿಸುವುದು ನಮ್ಮ ಹಟ್ಟಿಯ ರೂಢಿ. ಬೇರೆಯವರ ಕುರಿಗಳು ಬಂಡೆ ನೆಕ್ಕುವಾಗ ಮುದ್ದಪ್ಪ ನಮ್ಮವನ್ನು ದೂರ ಅಟ್ಟಿಕೊಂಡು ಹೋಗುತ್ತಿದ್ದ. ಅವು ಕತ್ತು ತಿರುಗಿಸಿ ತಿರುಗಿಸಿ ಅರಚುತ್ತಿದ್ದವು. ಮೂರನೇ ಅಮಾವಾಸ್ಯೆ ಕಳೆಯುವಷ್ಟರಲ್ಲಿ ಮನೆಯ ಗೋಡೆ ನೆಕ್ಕತೊಡಗಿದವು. ಒಂದರ ಉಣ್ಣೆಯನ್ನು ಇನ್ನೊಂದು ಕಿತ್ತು ತಿಂದಿತು. ಗಂಜಲ ಬಿದ್ದ ಮಣ್ಣಿಗೂ ಬಾಯಿ ಹಾಕಿದವು.

ಹಾಲು ಕೆಟ್ಟಿತು. ಕುರಿ ಹಾಲಿನ ಹನಿಯನ್ನು ಉಗುರಿನ ಮೇಲೆ ಬಿಟ್ಟರೆ ಅಲ್ಲೇ ನಿಲ್ಲಬೇಕು. ಈಗ ನೀರಿನ ಹಾಗೆ ಜಾರಿ ಹೋಗುತ್ತಿತ್ತು. ಕಾಸಿದರೆ ಕೆನೆ ಕಟ್ಟುತ್ತಿರಲಿಲ್ಲ. ಚೊಂಬು ತುಂಬ ಕರೆಯುತ್ತಿದ್ದ ಕುರಿಗಳು ಕಾಲು ಚೊಂಬಿಗೆ ಬಂದವು. ಮುದ್ದೆ ತುತ್ತು ಇಟ್ಟರೆ ಕಾಳಿ ಕಕ್ಕುತ್ತಿದ್ದಳು. ಅವಳಿಗೆ ಆ ಹಾಲೇ ಆಧಾರ. ಮಗಳಿಗಾಗಿ ಹೊತ್ತ ಹರಕೆ ಮಗಳ ಬಾಯಿಂದಲೇ ಹಾಲು ಕಸಿಯುತ್ತಿತ್ತು. ಇದು ನನಗೆ ಕಾಣುತ್ತದೆ, ಅವನಿಗೇಕೆ ಕಾಣುವುದಿಲ್ಲ ಎಂದು ಚೊಂಬು ಕುಕ್ಕುತ್ತಿದ್ದೆ.

ಹಿರಿಯೂರಿನಿಂದ ದನದ ಆಸ್ಪತ್ರೆಯ ಕಾಂಪೌಂಡರ್ ಉಸ್ಮಾನ್ ಸಾಬ್ ಕುರಿಗಳಿಗೆ ಸೂಜಿ ಚುಚ್ಚಲು ಸೈಕಲ್ಲಿನಲ್ಲಿ ಬಂದಾಗ ಒಂದು ಕುರಿಯ ಕಣ್ಣರೆಪ್ಪೆ ಬಿಡಿಸಿ ನೋಡಿದರು. ಆಮೇಲೆ ನೆಕ್ಕಿ ಗುಳಿಬಿದ್ದ ಗೋಡೆಯನ್ನು ನೋಡಿದರು.

"ಕುರಿಗೆ ಉಪ್ಪು ಹಾಕ್ತಿಲ್ವೇನು ತಾಯಿ? ಈ ಕಡೆ ಮಣ್ಣಾಗೂ ಹುಲ್ಲಾಗೂ ಖನಿಜ ಕಮ್ಮಿ ಐತೆ. ಮೊದ್ಲು ಹೊಡೆತ ಬೀಳೋದು ಹಾಲಿಗೇ. ಈ ಪುಡಿ ಉಪ್ಪಿನ ಜೊತೆ ಬೆರೆಸಿ ಹಾಕ್ರಿ, ಸರಿ ಹೋಗ್ತೈತೆ."

ಹರಕೆಯ ವಿಷಯ ಹೇಳಿದೆ. ಅವರು ಪೊಟ್ಟಣ ಜಗಲಿಯ ಮೇಲಿಟ್ಟು ಚೀಲ ಕಟ್ಟಿಕೊಂಡರು. "ಔಷಧಿ ಕೇಳ್ರಿ, ಕೊಡ್ತೀನಿ. ನಿಮ್ಮ ದೇವ್ರ ವಿಷ್ಯಕ್ಕೆ ನಾನು ಬಾಯಿ ಹಾಕಿದ್ರೆ ಚೆನ್ನಾಗಿರಲ್ಲ ತಾಯಿ."

ಪೂಜಾರಿ ಯತ್ತಪ್ಪನ ಬಳಿ ಹೋದೆ. ಕುರಿಗಳನ್ನಾದರೂ ಹರಕೆಯಿಂದ ಬಿಡಿಸು ಎಂದು ಕೈಮುಗಿದೆ. "ಹರಕೆ ಅಂದ್ರೆ ಕುರಿ ಹಗ್ಗ ಏನವ್ವ, ಬೇಕಂದಾಗ ಸಡ್ಲ ಮಾಡಾಕೆ?" ಎಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಮಾತು ನಾಲಿಗೆ ತುದಿಗೆ ಬಂತು. ಹಾಗೇ ಎದ್ದು ಬಂದೆ.

ಮುದ್ದಪ್ಪನಿಗೂ ಕಾಂಪೌಂಡರ್ ಮಾತು ಹೇಳಿದೆ. ಪೂರ್ತಿ ಕೇಳಿಸಿಕೊಂಡ. ಉಪ್ಪು ಬಿಟ್ಟು ಅವನೂ ಸೊರಗಿದ್ದ, ಎದ್ದು ನಿಂತರೆ ಕಣ್ಣು ಕತ್ತಲಿಡುತ್ತಿತ್ತು.

"ಮಗು ನಡೀಲಿ, ಮೂಟೆಗಟ್ಟಲೆ ಹಾಕ್ತೀನಿ."

"ಹಾಲಿಲ್ದೆ ಹೆಂಗೆ ನಡೀತೈತೆ?"

"ದೇವ್ರು ನಡೆಸ್ತಾನೆ."

ಬಂಡೆಗೆ ತಲೆ ಚಚ್ಚಿಕೊಂಡರೆ ಬಂಡೆಗೇನು? ಕೊನೆಗೆ ಕಳ್ಳಿಯಾದೆ. ದಿನಾ ಬೆಳಿಗ್ಗೆ ಅವನು ಹಳ್ಳದ ಕಡೆ ಹೋದಾಗ ಉಪ್ಪು, ಪುಡಿ ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡು ಕುರಿ ಕೂಡುವ ರೊಪ್ಪಕ್ಕೆ ಹೋಗುತ್ತಿದ್ದೆ. ಕಾಳಿಗೆ ಹಾಲು ಕರೆಯುವ ಮೂರೇ ಮೂರು ಕುರಿಗಳಿಗೆ ಅಂಗೈಯಲ್ಲಿ ಹಿಡಿಯುತ್ತಿದ್ದೆ. ಅವು ನೆಕ್ಕಿ ನೆಕ್ಕಿ ನನ್ನ ಅಂಗೈ ಕೆಂಪಾಗುತ್ತಿತ್ತು. ಉಳಿದವು ನಮ್ಮ ಸುತ್ತ ನಿಂತು ನೋಡುತ್ತಿದ್ದವು. ಅವುಗಳ ಮುಖ ನೋಡಲಾಗುತ್ತಿರಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಉಗುರಿನ ಮೇಲೆ ಹನಿ ನಿಂತಿತು. ಹಾಲು ಕೆನೆ ಕಟ್ಟಿತು. ಕಾಳಿಯ ಕೆನ್ನೆ ತುಂಬಿತು. ಇನ್ನೂ ಎರಡು ತಿಂಗಳಿಗೆ ಗೋಡೆ ಹಿಡಿದು ನಿಂತಳು. ಮುದ್ದಪ್ಪ ಗುಡಿಗೆ ಓಡಿ ಅಡ್ಡಬಿದ್ದು ಬಂದ. "ನೋಡ್ದೇನೆ, ಹರಕೆ ಫಲ!" ಎಂದು ಚಿಕ್ಕ ಹುಡುಗನ ಹಾಗೆ ನಕ್ಕ. ನಾನೂ ನಕ್ಕೆ. ಇನ್ನು ನಾಲ್ಕು ಹೆಜ್ಜೆ ಹಾಕಿಬಿಟ್ಟರೆ ಹರಕೆ ತೀರುತ್ತದೆ, ನನ್ನ ಕಳ್ಳತನವೂ ಅಲ್ಲೇ ಮುಚ್ಚಿಹೋಗುತ್ತದೆ ಎಂದು ದಿನ ಎಣಿಸುತ್ತಿದ್ದೆ.

ಉಣ್ಣೆ ಕತ್ತರಿಸುವ ದಿನ ಹಟ್ಟಿಯ ಗಂಡಸರೆಲ್ಲ ನಮ್ಮ ರೊಪ್ಪದ ಮುಂದೆ ಸೇರಿದ್ದರು. ನಾನು ಕಾಳಿಯನ್ನು ಮರದ ನೆರಳಿನಲ್ಲಿ ಕಂಬಳಿಯ ಮೇಲೆ ಕೂರಿಸಿ, ಬುತ್ತಿಯ ಬುಟ್ಟಿ ಹೊತ್ತು ಅವರ ಕಡೆ ನಡೆದೆ. ಬೆಳಗಿನ ಗಂಟು ಸೆರಗಿನಲ್ಲೇ ಉಳಿದಿತ್ತು. ಬಿಚ್ಚಿಡಲು ಮರೆತಿದ್ದೆ.

ಮೊದಲು ಆ ಮೂರು ಕುರಿಗಳು ಓಡಿ ಬಂದವು. ಅವುಗಳ ಹಿಂದೆ ಇಡೀ ಹಿಂಡೇ ನುಗ್ಗಿತು. ಮೈಮೇಲೆ ಹತ್ತಿದವು, ಬುಟ್ಟಿ ಉರುಳಿತು, ಸೆರಗು ಕಚ್ಚಿ ಎಳೆದವು. ಗಂಟು ಹರಿದು ಉಪ್ಪು ಎಲ್ಲರ ಎದುರಿಗೇ ಮಣ್ಣಿಗೆ ಚೆಲ್ಲಿತು. ಕುರಿಗಳು ಒಂದರ ಮೇಲೊಂದು ಬಿದ್ದು ನೆಲ ನೆಕ್ಕಿದವು.

"ಉಪ್ಪು ತಿಂದೋರು ನೀರು ಕುಡೀಲೇಬೇಕು," ಎಂದ ಯತ್ತಪ್ಪ. "ಹರಕೆ ಮುರೀತು ಮುದ್ದಪ್ಪ. ಹೊಸ್ದಾಗಿ ಹೊರ್ಬೇಕು, ಇವತ್ತೇ ಮೊದ್ಲನೇ ದಿನ ಅನ್ಕ."

ಮುದ್ದಪ್ಪನ ಕೈಯಿಂದ ಕತ್ತರಿ ಜಾರಿತು. "ಎಷ್ಟು ದಿನದಿಂದ?" ಎಂದ.

"ಮೂರು ತಿಂಗ್ಳು."

ಅಷ್ಟರಲ್ಲಿ ಯಾರೋ ಕೂಗಿದರು. ತಿರುಗಿ ನೋಡಿದರೆ ಕಾಳಿ ಕಂಬಳಿ ಬಿಟ್ಟು ಎದ್ದಿದ್ದಳು. ಏನನ್ನೂ ಹಿಡಿದುಕೊಳ್ಳದೆ, ಎರಡೂ ಕೈ ಅಗಲಿಸಿ, ಅಪ್ಪನ ಕಡೆಗೆ ಒಂದು ಹೆಜ್ಜೆ ಇಟ್ಟಳು. ಎರಡು. ಮೂರು. ನಾಲ್ಕು. ಐದನೆಯದಕ್ಕೆ ಅವನ ಕಾಲು ಹಿಡಿದಳು. "ನಡೆದ್ಲು! ನೋಡು, ನಡೆದ್ಲು! ತೀರ್ತು ನಿನ್ ಹರಕೆ!" ಎಂದು ಕಿರುಚಿದೆ.

ಮುದ್ದಪ್ಪ ಅವಳನ್ನು ಎತ್ತಿಕೊಂಡ. ತಲೆಗೆ ಮುತ್ತಿಟ್ಟ. ಆಮೇಲೆ ನಿಧಾನವಾಗಿ ಮರದ ಬುಡಕ್ಕೆ ಹೋಗಿ ಕಂಬಳಿಯ ಮೇಲೆ ಮತ್ತೆ ಕೂರಿಸಿದ.

"ಇದು ದೇವ್ರು ಕೊಟ್ಟ ನಡಿಗೆ ಅಲ್ಲ ಕಣೇ," ಎಂದ. "ಕದ್ದ ಉಪ್ಪಿಂದು. ದೇವ್ರು ಸಿಟ್ಟಾಗಿ ಕಾಲೇ ಕಿತ್ಕಂಡ್ರೆ ಏನ್ ಮಾಡಾಣ?"

ಕಾಳಿ ಮತ್ತೆ ಏಳಲು ನೋಡಿದಳು. ಅವನು ಅವಳ ಎರಡು ಮಂಡಿಗಳ ಮೇಲೂ ಕೈಯಿಟ್ಟು, ನೋವಾಗದ ಹಾಗೆ, ಒತ್ತಿ ಹಿಡಿದುಕೊಂಡು ಅಳುತ್ತ ಕೂತ. ಇದೂ ಒಂದು ಆಟವೆಂದುಕೊಂಡು ಮಗು ನಗುತ್ತಿತ್ತು.