ಚಪ್ಪಾಳೆ ಬಾರದ ಜಾಗ

ಅತ್ತಿಗೆ ಮತ್ತೆ ಅದೇ ಜಾಗದಲ್ಲಿ ನಿಂತುಬಿಟ್ಟಳು.

ಹಾರ್ಮೋನಿಯಂ ನುಡಿಸುವ ಮೈದುನ ಹಾಗೆ ಕರೆಯುತ್ತಿದ್ದನೆಂದು ನಾಟಕ ಕಂಪನಿಗೆಲ್ಲ ಆಕೆ ಅತ್ತಿಗೆಯೇ. ಮುನಿದ ಮಗಳು ಕದ ಹಾಕಿಕೊಂಡಾಗ ತಾಯಿಯಾಗಿ ಅವಳು ಹೊರಗೆ ನಿಂತು ಹಾಡುವ ಹಾಡಿನಿಂದಲೇ ಅವರ ನಾಟಕ ಊರೂರು ಸುತ್ತಿತ್ತು. ಪಲ್ಲವಿ ಮುಗಿದರೆ ಚಪ್ಪಾಳೆ. ಅದು ಇಳಿಯುವವರೆಗೆ ಕಾದು, ಆಮೇಲೆ ಚರಣ.

ಈಗ ಅದು ಸಿನಿಮಾ. ಮೊದಲೇ ರೆಕಾರ್ಡ್ ಮಾಡಿದ ಹಾಡಿಗೆ ತುಟಿ ಕೂಡಿಸಬೇಕು. ಚಪ್ಪಾಳೆ ಬರುವುದಿಲ್ಲ, ಮೈ ಮಾತ್ರ ಕಾಯುತ್ತದೆ. ಅವಳದೇ ದನಿ ಅವಳನ್ನು ಬಿಟ್ಟು ಮುಂದೆ ಹೋಗುತ್ತದೆ.

“ಅತ್ತಿಗೇ, ಹಾಡು ಹೊರಟೋಯ್ತು. ನೀವಿನ್ನೂ ಬಸ್ಸಿಗೆ ಕಾಯೋರ ಹಾಗೆ ನಿಂತಿದ್ದೀರಲ್ಲ,” ಎಂದ ಮೈದುನ.

“ಸುಮ್ನಿರಯ್ಯಾ, ನಿನ್ನ ಬಾಯಿಗೆ ಬೀಗ ಹಾಕೋರು ಇನ್ನೂ ಹುಟ್ಟಿಲ್ಲ.”

ಅಷ್ಟರಲ್ಲಿ ನಿರ್ಮಾಪಕ ನಿರ್ದೇಶಕಿಗೆ ಹೇಳಿದ್ದು ಅವಳ ಕಿವಿಗೆ ಬಿತ್ತು: “ಊಟದ ಹೊತ್ತಿಗೆ ಆಗ್ಲಿಲ್ಲ ಅಂದ್ರೆ ಬೇರೆ ಮುಖ ಹಾಕೋಣಮ್ಮ. ದನಿ ಹೇಗೂ ಇದೆಯಲ್ಲ.”

ದೇವರು ಕಂಠವನ್ನೂ ಮುಖವನ್ನೂ ಒಂದೇ ಮೈಯಲ್ಲಿಟ್ಟ. ಮನುಷ್ಯರು ಪಾಲು ಮಾಡಲು ಕೂತರೆ ಯಾರಲ್ಲಿ ದೂರುವುದು?

ಮೈದುನ ಒಂದು ಉಪಾಯ ಹೂಡಿದ. ಪಲ್ಲವಿ ಮುಗಿಯುತ್ತಲೇ ಲೈಟಿನವರೆಲ್ಲ ಚಪ್ಪಾಳೆ ತಟ್ಟಿದರು. ಅತ್ತಿಗೆ ಅಭ್ಯಾಸಬಲದಿಂದ ಕ್ಯಾಮೆರಾಕ್ಕೆ ಕೈಮುಗಿದುಬಿಟ್ಟಳು! ನಗು ಎದ್ದಿತು. ಅವಳೂ ನಕ್ಕಳು, ಕಣ್ಣು ತುಂಬಿಕೊಂಡು.

ನಿರ್ದೇಶಕಿ ಬಂದು ಪಕ್ಕದಲ್ಲಿ ಕುಳಿತಳು. “ಅಮ್ಮಾ, ಚಪ್ಪಾಳೆ ಬೀಳೋ ಹೊತ್ತಲ್ಲಿ ಒಳಗಿರೋ ಮಗಳು ಏನು ಮಾಡ್ತಿರ್ತಾಳೆ?”

ಅತ್ತಿಗೆ ಸೆಟ್ಟಿನ ಕದದ ಕಡೆ ತಿರುಗಿದಳು. “ಅಯ್ಯೋ, ಆ ಕಡೆ ನೋಡೇ ಇಲ್ಲವಲ್ಲೇ ನಾನು. ಜನರ ಕಡೆ ಮುಖ ಮಾಡಿರ್ತಿದ್ದೆ. ಕದ ಬೆನ್ನ ಹಿಂದೆ.”

“ಈಗ ಕದಕ್ಕೇ ಮುಖ ಮಾಡಿ. ರೆಕಾರ್ಡ್ ಬೇಡ, ನೀವೇ ಹಾಡಿ. ಎಷ್ಟು ಹೊತ್ತು ಬೇಕೋ ಅಷ್ಟು ಕಾಯಿರಿ.”

ಕ್ಯಾಮೆರಾದ ಕಾಲ ಬುಡದಲ್ಲಿ ಹಾರ್ಮೋನಿಯಂ ಕೂತಿತು. ಅತ್ತಿಗೆ ಪ್ಲೈವುಡ್ ಕದದ ಮೇಲೆ ಅಂಗೈ ಇಟ್ಟಳು. ಪ್ರೇಕ್ಷಕರ ಕೊನೆಯ ಸಾಲಿಗೆ ಮುಟ್ಟಿಸುವ ದನಿಯಲ್ಲ. ಒಂದು ಹಲಗೆ ದಾಟಿದರೆ ಸಾಕೆನ್ನುವ ದನಿ. ಪಲ್ಲವಿ ಮುಗಿಯಿತು. ಅವಳು ಕಾದಳು. ಕದಕ್ಕೆ ಕಿವಿಗೊಟ್ಟಳು. ಆಚೆ ಬಡಗಿಯ ಬಕೆಟ್ಟು ಬಿಟ್ಟರೆ ಯಾರೂ ಇರಲಿಲ್ಲ.

“ತೆಗಿಯೇ ಮಗಳೇ,” ಎಂದಳು. ಅದು ನಾಟಕದಲ್ಲೇ ಇಲ್ಲದ ಮಾತು. ಆಮೇಲೆ ಚರಣ ತಾನಾಗಿ ಬಂತು.

ಊಟಕ್ಕೆ ಕರೆಯಲು ಬಂದ ನಿರ್ಮಾಪಕ, ಹಾಡು ಮುಗಿಯುವವರೆಗೆ ನಿಂತಲ್ಲೇ ನಿಂತ. “ಇವರೇ ಇರಲಿ,” ಎಂದಷ್ಟೇ ಹೇಳಿ ಹೊರಟ.

ಮೈದುನ ಮೂಗೊರೆಸಿಕೊಂಡ. “ಅತ್ತಿಗೇ, ನಡುವೆ ತಾಳ ತಪ್ಪಿತು.”

“ತಪ್ಪಲಿ ಬಿಡಯ್ಯಾ. ಒಳಗಿದ್ದವಳು ಕೇಳಿಸಿಕೊಂಡಳು.”