ಲೇಔಟಿನ ಗಂಗೆ

ರಂಗಂಪೇಟೆಯಾಚೆ ಸಂಗಣ್ಣ ಸಾವ್ಕಾರ ಹೊಲ ಕೊಂಡು ಲೇಔಟು ಮಾಡಲು ಹೊರಟ. ಹೊಲದ ನಡುವೆ ಒಂದು ಹಳ್ಳ. ಹಳ್ಳದ ಎರಡೂ ಮಗ್ಗುಲು ಜಾಗ ಬಿಡಬೇಕು, ಕಟ್ಟುವಂತಿಲ್ಲ ಅನ್ನುತ್ತದೆ ಕಾನೂನು. ಸಂಗಣ್ಣ ಬೇಸಿಗೆಯಲ್ಲಿ ಮೊರಂ ಮಣ್ಣು ಹೊಡೆಸಿ ಹಳ್ಳವನ್ನೇ ಮುಚ್ಚಿಸಿದ. ಹಳ್ಳ ತೋರಿಸುವ ನಕ್ಷೆ ನಿಜಾಮರ ಕಾಲದ್ದು, ಈಗ ಅಲ್ಲಿ ಹಳ್ಳವೇ ಇಲ್ಲ ಎಂದು ಅರ್ಜಿಯನ್ನೂ ಬರೆದುಕೊಟ್ಟ.

ಕೆಳಗಿನ ಹೊಲ ದುರಗಮ್ಮನದು. ಅವಳ ಬಾವಿಗೆ ನೀರು ಬಸಿಯುವುದು ಆ ಹಳ್ಳದಿಂದಲೇ. ಹಳ್ಳ ಹೋದರೆ ಬಾವಿ ಹೋಯಿತು, ಮೆಣಸಿನಕಾಯಿಯೂ ಹೋಯಿತು. ಎರಡು ಸಲ ತಕರಾರು ಕೊಟ್ಟಳು. ಸಾಕ್ಷಿ ತಾ ಅಂದರು ಕಚೇರಿಯವರು. ಆದರೆ ಸಾವ್ಕಾರ ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಹೆಂಗಸು ಅವಳು.

ಯೋಜನಾ ಕಚೇರಿಯ ಪಂಚಶೀಲಾ ಯಾದಗಿರಿಯಿಂದ ಸ್ಥಳ ನೋಡಲು ಬರುವ ದಿನವೇ ಸಂಗಣ್ಣ ಭೂಮಿಪೂಜೆ ಇಟ್ಟ. ಪೆಂಡಾಲು, ಸೈಟಿಗೆ ಮುಂಗಡ ಕೊಟ್ಟವರ ಸಾಲು ಕುರ್ಚಿ ನೋಡಿದರೆ ಅಧಿಕಾರಿ ಮೆತ್ತಗಾಗುತ್ತಾಳೆಂದು ಅವನ ಲೆಕ್ಕ. ಊರ ಶುಭಕಾರ್ಯಕ್ಕೆಲ್ಲ ಗಂಗೆ ತುಂಬಿ ತರುವುದು ದುರಗಮ್ಮನ ಮನೆತನದ ಹಕ್ಕು. ಅವಳು ನಾಲ್ವರು ಮುತ್ತೈದೆಯರನ್ನು ಕಟ್ಟಿಕೊಂಡು, ಹೊಸ ಸೀರೆಯುಟ್ಟು ಬಂದಳು. ಸಂಗಣ್ಣ ನೀರಿನ ಕ್ಯಾನು ತೋರಿಸಿದ. ದುರಗಮ್ಮ ಕೊಡ ಬೋರಲು ಹಾಕಿದಳು.

"ಕ್ಯಾನಿನ ನೀರಿಗೆ ಗಂಗಿ ಅಂತ ಹೆಂಗ ಕೈ ಮುಗಿಯೂದ್ರಿ ಸಾವ್ಕಾರ್ರ? ಈ ಮಣ್ಣಾಗಿನ ನೀರ ಬೇಕ್ರಿ."

ಕುರ್ಚಿಯವರು ಗುಸುಗುಸು ಅಂದರು. ನಿಂಬೆಹಣ್ಣು ಇಡದೆ ಟ್ರ್ಯಾಕ್ಟರನ್ನೂ ಏರದವನು ಸಂಗಣ್ಣ. ಆ ನೀರು ಎಲ್ಲಿ ಸಿಕ್ಕೀತೆಂದು ಅವಳನ್ನೇ ಕೇಳಿದ. ದುರಗಮ್ಮ ಮೊರಂ ಮುಗಿಯುವ ಅಂಚಿನಲ್ಲಿ, ನೀರಿನ ಪಸೆಯಿದ್ದಲ್ಲೇ ಬೆಳೆಯುವ ಲಕ್ಕಿ ಗಿಡದ ಬುಡ ತೋರಿಸಿದಳು. ಅವನೇ ಮೊಣಕಾಲೂರಿ ಕೆದರಿದ. ಮೊಳದಾಳಕ್ಕೆ ಒರತೆ ಜಿನುಗಿತು, ಮುತ್ತೈದೆಯರು ಮೊಗೆದು ಕೊಡ ತುಂಬಿದರು. ಹಿಗ್ಗಿ ಹೀರೇಕಾಯಿಯಾದ ಸಂಗಣ್ಣ ಅರಿಷಿಣ ಕುಂಕುಮ ಏರಿಸಿ, ನಮ್ಮ ಲೇಔಟಿಗೆ ಗಂಗೆ ತಾನಾಗಿ ಒಲಿದಳೆಂದು ಕುರ್ಚಿಯವರಿಗೆಲ್ಲ ಕೂಗಿ ಹೇಳಿದ.

ಹಿಂದೆ ನಿಂತಿದ್ದ ಪಂಚಶೀಲಾ ಮೆಲ್ಲಗೆ ಕೇಳಿದಳು. "ಹಳ್ಳ ಇಲ್ಲಂತ ಬರದೀರಿ. ಈ ನೀರು ಎಲ್ಲೀದ್ರಿ?"

ಅತ್ತ ದರಿ, ಇತ್ತ ಪುಲಿ. ಹಳ್ಳದ್ದು ಅಂದರೆ ಅರ್ಜಿ ಸುಳ್ಳಾದೀತು; ಎಲ್ಲೋ ಒಡೆದ ನಲ್ಲಿಯ ನೀರು ಅಂದರೆ ಪೂಜೆ ಕೆಟ್ಟೀತು, ಕುರ್ಚಿಯವರು ಎದ್ದುಹೋದಾರು. ದುರಗಮ್ಮ ತುಂಬಿದ ಕೊಡ ಸೊಂಟಕ್ಕೇರಿಸಿ ಅವನೆದುರು ನಿಂತಳು.

"ಗಂಗಿ ಸುಳ್ಳು ಅಂತ ಒಂದ ಮಾತು ಹೇಳ್ರಿ ಸಾವ್ಕಾರ್ರ. ಇಲ್ಲೇ ಚೆಲ್ಲಿಬಿಡ್ತೀನಿ."

ಸಂಗಣ್ಣ ಕೊಡ ನೋಡಿದ, ಮುತ್ತೈದೆಯರ ಮುಖ ನೋಡಿದ.

"ಹಳ್ಳದ್ದ ಐತ್ರಿ," ಅಂದ.

ಪಂಚಶೀಲಾ ಅದನ್ನು ಬರೆದುಕೊಂಡು, ಅವನ ಸಹಿ ಹಾಕಿಸಿ, ಹಳ್ಳಕ್ಕೆ ಬಿಡಬೇಕಾದ ಜಾಗ ಅಳೆಯಲು ಟೇಪು ಬಿಚ್ಚಿದಳು. ಟೇಪು ಪೆಂಡಾಲು ದಾಟಿ ಕುರ್ಚಿಗಳ ನಾಲ್ಕನೇ ಸಾಲಿನವರೆಗೆ ಹೋಯಿತು. ಒರತೆಯ ಕಡೆಯ ತುದಿ ದುರಗಮ್ಮನೇ ಹಿಡಿದಿದ್ದಳು. ಬೆರಳಷ್ಟೂ ಸಡಿಲ ಬಿಡಲಿಲ್ಲ.