ಕಲ್ಲು ಇದ್ದ ಜಾಗ

ಮತ್ತೆ ಅಟ್ಟಿಸಿಕೊಂಡು ಹೋದ, ಈ ಆರು ಗೆರೆಯವನು, ಬೆರಳುದ್ದದ ಮೀನು, ಸೊಕ್ಕು ಮಾತ್ರ ಆನೆಯಷ್ಟು — ಮೊನ್ನೆ ತಂದ ಹಳದಿ ಮೀನು ಪಾಪ ಮರಳಿನಲ್ಲಿ ಹೂತುಕೊಂಡಿತು, ಬಾಲದ ತುದಿ ಹರಿದಿದೆ, ಎರಡೂ ಒಂದೇ ಜಾತಿಯ ಮೀನು, ರಾಸ್ ಅಂತ, ಹೊಂದಿಕೊಂಡು ಹೋದರೆ ಇವನಪ್ಪನ ಗಂಟೇನು ಹೋಗುತ್ತದೆ, ಮೊದಲು ಬಂದೆನೆಂದು ಉಪ್ಪುನೀರಿನ ಟ್ಯಾಂಕ್ ಪೂರ್ತಿ ತನ್ನದೇ ಎಂಬ ಹಠ, ಅಂಗಡಿಯವನು ಹೇಳಿದ್ದ, ಕಾಕಾ, ದಗಡ ಹಲವಾ, ಕಲ್ಲುಗಳ ಜಾಗ ಬದಲಿಸಿಬಿಡಿ, ಹಳಬನಿಗೆ ತನ್ನ ಮನೆ ಯಾವುದೆಂದೇ ಮರೆತುಹೋಗುತ್ತದೆ, ಆಮೇಲೆ ಜಗಳ ಯಾತಕ್ಕೆ. ಬದಲಿಸಿದೆ, ದೊಡ್ಡ ಕಲ್ಲನ್ನು ಎಡದಿಂದ ಬಲಕ್ಕೆ, ಅಂಗಿಯ ತೋಳೆಲ್ಲ ಒದ್ದೆ, ಭಾರೀ ಬುದ್ಧಿವಂತನಾದ ಹಾಗೆ ಅನಿಸಿ ಅದೇ ಹುಮ್ಮಸ್ಸಿನಲ್ಲಿ ಹಾಲ್‌ನ ಮೂಲೆಯಿಂದ ಹೊಲಿಗೆ ಮಿಷನ್ ಎತ್ತಿ ಬಾಲ್ಕನಿಗೆ ಹಾಕಿದೆ — ನೀಲಿಮಾಳ ಕಪಾಟಿಗೆ ಜಾಗ ಬೇಕಲ್ಲ, ನನ್ನನ್ನು ಮದುವೆಯಾಗಿ ಬಂದವಳು ಎಷ್ಟು ದಿನ ಸೂಟ್‌ಕೇಸಿನಿಂದ ಸೀರೆ ತೆಗೆದು ಉಟ್ಟಾಳು.

ಪ್ರಫುಲ್ಲಾಳ ಮಿಷನ್. ಅವಳು ತೀರಿಕೊಂಡ ಮೇಲೆ ಅದರಲ್ಲಿ ಯಾರೂ ಹೊಲಿಯಲಿಲ್ಲ, ಮಗಳು ಅದನ್ನೇ ಓದುವ ಮೇಜು ಮಾಡಿಕೊಂಡಳು, ಲೆಕ್ಕ ಬಿಡಿಸುತ್ತ ಪೆಡಲಿನ ಮೇಲೆ ಪಾದ, ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು, ಕಟಕಟ ಕಟಕಟ, ನಿಲ್ಲಿಸು ಮಾರಾಯ್ತಿ ಎಂದು ಎಷ್ಟು ಸಲ ಬೈದಿಲ್ಲ — ಪಪ್ಪ, ಅಮ್ಮನ ಮಿಷನ್ ಎಲ್ಲುಂಟು? ಬಾಲ್ಕನಿಯಲ್ಲಿ ಉಂಟು ದೀಕ್ಷಿತಾ, ಎಲ್ಲಿಗೂ ಹೋಗಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಅಳಲಿಲ್ಲ, ನಾನು ಉಡುಪಿಗೆ ಹೋಗ್ತೇನೆ, ಅಜ್ಜಿ ಮನೆಗೆ, ಅಲ್ಲೇ ಕಾಲೇಜು ಸೇರ್ತೇನೆ, ನಾಳೆ ಸ್ವಾರಗೇಟಿನಿಂದ ಬಸ್ಸು — ಅಡುಗೆಮನೆಯಿಂದ ನೀಲಿಮಾ, ನನಗೆ ಕಪಾಟು ಎಂತಕ್ಕೆ, ಮಿಷನ್ ಒಳಗೆ ತನ್ನಿ, ಹುಡುಗಿ ಹೋಗುವುದು ಬೇಡ ಎಂದಳು, ನನಗೆ ಭಯ, ತಂದಿಟ್ಟರೂ ಹೊರಟೇಬಿಟ್ಟರೆ? ಹೋಟೆಲಿನಲ್ಲಿ ದಿನಾ ಗುರುತಿಲ್ಲದವರನ್ನು ಒಂದೇ ಮೇಜಿಗೆ ಕೂರಿಸುವವನು ನಾನು, ಜರಾ ಸರಕಾ ಸಾಹೇಬ ಎಂದರೆ ಇಡೀ ವಿಮಾನ ನಗರವೇ ಸರಿದು ಕೂರುತ್ತದೆ, ತಿಂದು ಕೈ ತೊಳೆದು ಹೋಗುವವರು, ಅವರಿಗೇನು, ಊರಿಗೆ ಉಪಕಾರಿ ಕಾಂತಪ್ಪ, ಮನೆಗೆ ಮಾರಿ — ಅಗೋ, ಆರು ಗೆರೆಯವನು ಹಳದಿಯನ್ನು ಬಿಟ್ಟು ಎಡಗಡೆಗೆ ಹೋದ, ದೊಡ್ಡ ಕಲ್ಲು ಇದ್ದಲ್ಲಿ ಈಗ ಬರೀ ನೀರು, ಆ ಬರೀ ನೀರಿಗೇ ಸುತ್ತು ಹಾಕುತ್ತಿದ್ದಾನೆ, ಇಲ್ಲದ ಕಲ್ಲಿಗೆ ಎಲ್ಲಿ ತಾಗೀತೋ ಎಂಬಂತೆ ಮೈ ಬಳುಕಿಸಿ, ಮರೆತಿಲ್ಲ ಮಾರಾಯ, ಏನೂ ಮರೆತಿಲ್ಲ, ಮಿಷನ್ ತರಬೇಕು, ಏಳಬೇಕು, ಟ್ಯಾಂಕಿನ ಗಾಜಿನಾಚೆ ದೀಕ್ಷಿತಾ, ಮಿಷನ್ ಇದ್ದ ಮೂಲೆಯ ಹೊಸ ಕಪಾಟಿಗೆ ಮುಖ ಮಾಡಿ ಕುರ್ಚಿ ಹಾಕಿ ಕೂತಿದ್ದಾಳೆ, ಪಕ್ಕದಲ್ಲಿ ಕಟ್ಟಿಟ್ಟ ಬ್ಯಾಗು, ಮಡಿಲಲ್ಲಿ ಪುಸ್ತಕ, ಬರಿಯ ನೆಲದಲ್ಲಿ ಅವಳ ಪಾದ — ಹಿಮ್ಮಡಿ, ಬೆರಳು, ಸದ್ದಿಲ್ಲ, ಹಿಮ್ಮಡಿ, ಬೆರಳು